ಹುಬ್ಬು ಮೊದಲಾ, ಕಣ್ಣು ಮೊದಲಾ

19 ಜುಲೈ 2025, ಶನಿವಾರ ರಾತ್ರಿ
ಸರಸ್ವತಿಪುರಂ

ನನ್ನ ತಂಗಿಗೆ ಭರತನಾಟ್ಯ ಹೇಳಿಕೊಟ್ಟ ಮೇಡಂ ಈಗಷ್ಟೇ ಎದ್ದು ಹೋದರು. ಕಾಫಿ ಅರ್ಧ ಬಿಟ್ಟಿದ್ದಾರೆ. ಅಮ್ಮ ಮಾಡಿದ ಕಾಫಿಯನ್ನು ಅರ್ಧ ಬಿಡುವವರಲ್ಲ ಅವರು. ನಿನ್ನೆ ಆಷಾಢದ ಕೊನೆ ಶುಕ್ರವಾರ ಅಂತ ಬೆಟ್ಟಕ್ಕೆ ಹೋಗಿ ಕ್ಯೂನಲ್ಲಿ ನಿಂತು ಸುಸ್ತಾಗಿದೆ ಅಂದರು. ಕಾರಣ ಅದಲ್ಲ ಅಂತ ನನಗೆ ಗೊತ್ತು.

ಎಲ್ಲ ಆ ಕ್ಯಾಸೆಟ್ಟಿನಿಂದ ಶುರುವಾಗಿದ್ದು. ತೊಂಬತ್ತರ ದಶಕದ ವಿಎಚ್‌ಎಸ್. ಅದರಲ್ಲಿ ಅವರ ಗುರುಗಳು ಜಮಖಾನದ ಮೇಲೆ ಕೂತು ಒಂದು ಜಾವಳಿಗೆ, ಅಂದರೆ ಶೃಂಗಾರದ ಪುಟ್ಟ ಹಾಡಿಗೆ, ಅಭಿನಯ ಮಾಡುತ್ತಾರೆ. ಟೇಪಿಗೆ ಬೂಷ್ಟು ಹಿಡಿದಿತ್ತು, ಅಂಗಡಿಯವರು ಹೇಗೋ ಒರೆಸಿ ಫೈಲ್ ಮಾಡಿಕೊಟ್ಟರು. ಮೈಸೂರು ಶೈಲಿ ಅಂದರೆ ಮುಖದ್ದೇ ಜಾಸ್ತಿ ಕೆಲಸ ಅಲ್ವಾ. ಜಟ್ಟಿ ತಾಯಮ್ಮನವರಿಂದ ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರಿಗೆ ಬಂದದ್ದು ಅದೇ, 1992ರಲ್ಲಿ ವೆಂಕಟಲಕ್ಷಮ್ಮನವರಿಗೆ ಪದ್ಮಭೂಷಣ ಬಂದಿದ್ದೂ ಆ ಅಭಿನಯಕ್ಕೇ ಅಂತ ಮೇಡಂ ಪಾಠದ ಮಧ್ಯೆ ಹೇಳುತ್ತಲೇ ಇರುತ್ತಾರೆ. ನನ್ನ ತಂಗಿ ಕಲಿಯುವಾಗ ನಾನು ಹೊರಗೆ ಸೈಕಲ್ ಮೇಲೆ ಕೂತು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ.

ಫೈಲ್ ಸಿಕ್ಕಿದ ಮೇಲೆ ಅವರು ಕೇಳಿದ್ದು ಇಷ್ಟೇ.

"ನನಗೆ ಸಿನಿಮಾ ನೋಡೋ ಹಾಗೆ ಬೇಡ ಕಣಪ್ಪ. ನಾಯಕ ಬಂದ ಅಂತ ನಾಯಕಿಗೆ ಗೊತ್ತಾಗುತ್ತಲ್ಲ, ಆ ಒಂದು ಜಾಗ. ಅಲ್ಲಿ ನಾನು ಹಿಂದೆ ಮುಂದೆ ಹೋಗಿ ಬರ್ಬೇಕು."

ಮಾಮೂಲಿ ಪ್ಲೇಯರ್‌ನಲ್ಲಿ ಒಂದೊಂದೇ ಚಿತ್ರ ಮುಂದೆ ಹೋಗಬಹುದು, ಹಿಂದೆ ಬರೋದೇ ಕಷ್ಟ. ಯಾಕೆ ಅಂದರೆ ವಿಡಿಯೋ ಫೈಲಿನಲ್ಲಿ ಎಲ್ಲ ಚಿತ್ರಗಳೂ ಪೂರ್ತಿಯಾಗಿ ಇರುವುದಿಲ್ಲ. ಎಲ್ಲೋ ಒಂದು ಪೂರ್ತಿ ಚಿತ್ರ, ಆಮೇಲೆ ಬರುವುದೆಲ್ಲ ಏನು ಬದಲಾಯಿತು ಅನ್ನುವ ಲೆಕ್ಕ. ಒಂದು ಹೆಜ್ಜೆ ಹಿಂದೆ ಹೋಗಬೇಕಾದರೂ ಹಿಂದಿನ ಪೂರ್ತಿ ಚಿತ್ರಕ್ಕೆ ಓಡಿಹೋಗಿ ಅಲ್ಲಿಂದ ಮತ್ತೆ ಲೆಕ್ಕ ಹಾಕಿಕೊಂಡು ಬರಬೇಕು. ಅದಕ್ಕೆ ನಾನೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ವಿಂಡೋ ಬರೆದೆ. ಮೇಡಂಗೆ ಬೇಕಾದ ಜಾಗ ಎಂಟು ಸೆಕೆಂಡು. 720ಕ್ಕೆ 576 ಚುಕ್ಕಿ, ಚುಕ್ಕಿಗೆ 3 ಬೈಟ್, ಒಂದು ಚಿತ್ರಕ್ಕೆ ಹನ್ನೆರಡೂವರೆ ಲಕ್ಷದಷ್ಟು ಬೈಟ್. ಸೆಕೆಂಡಿಗೆ 25 ಚಿತ್ರ. ಎಲ್ಲ ಸೇರಿದರೂ 250 ಎಂಬಿ ಒಳಗೇ. ಹಾಗಾಗಿ ಎಂಟೂ ಸೆಕೆಂಡನ್ನು ಬಿಚ್ಚಿ ಮೆಮೊರಿಯಲ್ಲಿ ಸಾಲಾಗಿ ಇಟ್ಟುಬಿಟ್ಟೆ. ಈಗ ಹಿಂದೆ ಮುಂದೆ ಎರಡೂ ಒಂದೇ.

ವಿಂಡೋ ಟಿಕಿಂಟರ್‌ದು. ಪೈಥಾನ್ ಜೊತೆಗೇ ಬರುವ, ವಿಂಡೋ ಮಾಡುವ ಸಲಕರಣೆ ಅದು. ಅದರ ಒಳಗಿರೋ ಟಿಕೆ ಆ ಕ್ಯಾಸೆಟ್ಟಿಗಿಂತ ಹಳೆಯದು, ಜಾನ್ ಔಸ್ಟರ್‌ಹೌಟ್ ತಮ್ಮ ಟಿಸಿಎಲ್ ಭಾಷೆಗೆ ಅಂತ ಮಾಡಿದ್ದು. ನೋಡೋಕೆ ಚೆನ್ನಾಗಿಲ್ಲ. ಇರಲಿ, ಅದರಲ್ಲಿ ಇರಬೇಕಾದದ್ದೇ ಎರಡು ಬಟನ್. ಓಪನ್‌ಸಿವಿ ಅನ್ನೋ ಲೈಬ್ರರಿ ವಿಡಿಯೋದಿಂದ ಚಿತ್ರ ಬಿಚ್ಚಿಕೊಡುತ್ತೆ, ಬಣ್ಣದ ಕ್ರಮ ಮಾತ್ರ ನೀಲಿ ಹಸಿರು ಕೆಂಪು, ಅದನ್ನು ತಿರುಗಿಸಿಕೊಳ್ಳದಿದ್ದರೆ ಮುಖವೆಲ್ಲ ನೀಲಿ. ತಿರುಗಿಸಿದ್ದನ್ನು ಪಿಲ್ಲೋ ಅನ್ನೋ ಇನ್ನೊಂದು ಲೈಬ್ರರಿಗೆ ಕೊಟ್ಟು ಫೋಟೋಇಮೇಜ್, ಅಂದರೆ ಟಿಕಿಂಟರ್ ತೋರಿಸಬಲ್ಲ ಚಿತ್ರ, ಮಾಡಿ ವಿಂಡೋದ ಲೇಬಲ್ ಮೇಲೆ ಹಾಕಬೇಕು, ಹಾಕಿದ ಮೇಲೂ ಆ ಫೋಟೋಇಮೇಜನ್ನು ಒಂದು ಹೆಸರಲ್ಲಿ ಹಿಡಿದುಕೊಂಡೇ ಇರಬೇಕು, ಇಲ್ಲದಿದ್ದರೆ ಪೈಥಾನ್ ಇದು ಯಾರಿಗೂ ಬೇಡವಾದದ್ದು ಅಂತ ಗುಡಿಸಿ ಹಾಕುತ್ತೆ, ಲೇಬಲ್ ಖಾಲಿ ಉಳಿಯುತ್ತೆ.

ಲೂಪ್ ಬರೆದು ಮಧ್ಯೆ ಸ್ಲೀಪ್ ಹಾಕೋದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಾಗೆ ಮಾಡಿದರೆ ಬಟನ್ ಒತ್ತಿದ್ದು ವಿಂಡೋಗೆ ಕೇಳಿಸುವುದೇ ಇಲ್ಲ. ಒಂದು ಚಿತ್ರ ಹಾಕಿ, ಇಷ್ಟು ಮಿಲಿಸೆಕೆಂಡ್ ಆದ ಮೇಲೆ ನನ್ನನ್ನು ಕರಿ ಅಂತ ಟಿಕಿಂಟರ್ ಕೊಡುವ 'ಆಫ್ಟರ್'ಗೆ ಹೇಳಿ ಸುಮ್ನೆ ಹೊರಗೆ ಬಂದುಬಿಡಬೇಕು. ಮಧ್ಯದ ಹೊತ್ತಿನಲ್ಲಿ ವಿಂಡೋ ನಮ್ಮ ಮಾತು ಕೇಳುತ್ತೆ. ಮೇಡಂಗೆ ಬೇಕಾದದ್ದು ಅದೇ ತಾನೇ, ಹೇಳಿದಲ್ಲಿ ನಿಲ್ಲೋದು. ಓಪನ್‌ಸಿವಿಯಲ್ಲಿ ಧ್ವನಿ ಬರಲ್ಲ ಮೇಡಂ ಅಂದಿದ್ದಕ್ಕೆ "ಪರವಾಗಿಲ್ಲ, ಸಾಹಿತ್ಯ ನನಗೆ ಬಾಯಿಗೆ ಬರುತ್ತೆ" ಅಂದರು.

ಮೊದಲ ಸಲ ತೋರಿಸಿದಾಗ ಅವರು ನಕ್ಕರು. "ನಮ್ಮ ಗುರುಗಳು ಇಷ್ಟು ತೆಳ್ಳಗೆ ಯಾವತ್ತೂ ಇರ್ಲಿಲ್ಲ!" ಆ ಕಾಲದ ಟಿವಿ ಚುಕ್ಕಿ ಚೌಕವಲ್ಲ, 720 ಅಗಲವನ್ನು 768ಕ್ಕೆ ಹಿಗ್ಗಿಸಿದರೆ ಮುಖ ಸರಿಯಾಗುತ್ತೆ. ಹಿಗ್ಗಿಸಿದೆ. "ಹಾಂ, ಈಗ ಅವರು" ಅಂದರು. ಆ ದನಿ ಕೇಳಿ ಅಮ್ಮ ಅಡುಗೆಮನೆಯಿಂದ ಬಂದು ನಿಂತರು.

ಇವತ್ತಿನ ವಿಷಯ ಬೇರೆ. ನಿಲ್ಲಿಸಿದಾಗಲೆಲ್ಲ ಕೈಯ ಅಂಚು, ಕಿವಿಯ ಝುಮಕಿ, ಎಲ್ಲ ಬಾಚಣಿಗೆ ಹಲ್ಲಿನ ಹಾಗೆ ಕತ್ತರಿಸಿದಂತೆ ಕಾಣುತ್ತಿತ್ತು. ಟೇಪ್ ಹಾಳಾಗಿದೆ ಅಂತ ಮೇಡಂ ಅಂದುಕೊಂಡಿದ್ದರು. ಹಾಳಾಗಿಲ್ಲ. ನಮ್ಮ ಹಳೆ ಟಿವಿಯ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರ ಅಂದರೆ ನಿಜವಾಗಿ ಎರಡು ಗಳಿಗೆ. ಬೆಸ ಸಾಲುಗಳು ಒಂದು ಸಲ, ಸಮ ಸಾಲುಗಳು ಸೆಕೆಂಡಿನ ಐವತ್ತನೇ ಒಂದು ಭಾಗ ಆದ ಮೇಲೆ. ಇಂಥ ಒಂದೊಂದು ಅರ್ಧ ಚಿತ್ರಕ್ಕೂ ಫೀಲ್ಡ್ ಅಂತ ಹೆಸರು. ಎರಡನ್ನೂ ಹೆಣೆದು ಒಂದೇ ಚಿತ್ರ ಅಂತ ಕೊಡುತ್ತಾರೆ. ಹೆಣೆದದ್ದನ್ನು ಬಿಡಿಸಬಹುದು, ನಂಪೈ ಅನ್ನೋ ಲೆಕ್ಕದ ಲೈಬ್ರರಿಯಲ್ಲಿ ಸಾಲು ಬಿಟ್ಟು ಸಾಲು ತೆಗೆದರೆ ಮುಗಿಯಿತು. 25 ಇದ್ದದ್ದು 50 ಆಗುತ್ತೆ. ಇಷ್ಟು ವರ್ಷ ಆ ಟೇಪಿನಲ್ಲಿದ್ದು ಯಾರೂ ನಿಲ್ಲಿಸಿ ನೋಡದ ಗಳಿಗೆಗಳು ಅವು, ನನಗಂತೂ ಖುಷಿಯೋ ಖುಷಿ.

ಯಾವ ಸಾಲು ಮೊದಲು ಅನ್ನೋದು ಗೊತ್ತಿರಬೇಕು. ಅದನ್ನು ಝುಮಕಿಯೇ ಹೇಳಿತು. ಒಂದು ಕ್ರಮದಲ್ಲಿ ನೀಟಾಗಿ ತೂಗುತ್ತೆ, ಇನ್ನೊಂದರಲ್ಲಿ ಮುಂದೆ ಹೋಗಿ ಹಿಂದೆ ಬಂದು ನಡುಗುತ್ತೆ.

ಮೇಡಂ ಬಲ ಬಾಣದ ಕೀ ಒತ್ತುತ್ತಾ ಹೋದರು. ಒಂದು, ಇನ್ನೊಂದು, ಮತ್ತೊಂದು. ಆಮೇಲೆ ಎಡಕ್ಕೆ. ಮತ್ತೆ ಬಲಕ್ಕೆ. ತುಂಬಾ ಹೊತ್ತು ಮಾತಿಲ್ಲ.

"ಹುಬ್ಬು ಮೊದಲು ಏಳ್ತಾ ಇದೆ."

"ಹೌದು ಮೇಡಂ, ಒಂದು ಫೀಲ್ಡ್ ಮುಂಚೆ."

"ಕಣ್ಣು ಮೊದಲು ಕಣಪ್ಪ. ದೃಷ್ಟಿ ಹೋಗುತ್ತೆ, ಆಮೇಲೆ ಹುಬ್ಬು. ನಾನು ಎಲ್ಲರಿಗೂ ಹಾಗೇ ಹೇಳಿಕೊಟ್ಟಿರೋದು. ನಿನ್ನ ತಂಗಿಗೂ."

ಏನು ಹೇಳಲಿ. ಐವತ್ತನೇ ಒಂದು ಭಾಗ ಮೇಡಂ, ಸಭೆಯಲ್ಲಿ ಕೂತವರಿಗೆ ಕಾಣಲ್ಲ ಅಂದೆ.

"ಕಾಣಲ್ಲ ಅಂತ ನಿನಗೆ ಯಾರು ಹೇಳಿದ್ರು? ಅವರು ಮಾಡಿದಾಗ ಮೈ ಜುಂ ಅಂತಿತ್ತು. ನಾನು ಮಾಡಿದ್ರೆ ಜನ ಚೆನ್ನಾಗಿದೆ ಅಂತಾರೆ."

ಅಷ್ಟು ಹೇಳಿ ಚಪ್ಪಲಿ ಹಾಕಿಕೊಂಡರು. ಮಕ್ಕಳಿಗೆ ಇದನ್ನು ಈಗಲೇ ತೋರಿಸಬೇಡ ಅಂತ ಗೇಟಿನ ಹತ್ತಿರ ಇನ್ನೊಂದು ಸಲ ಹೇಳಿದರು.

ಈ ಹಾಳು ಕರೆಂಟ್ ಬೇರೆ, ಮಳೆ ಹನಿ ಬಿದ್ದರೆ ಹೋಗುತ್ತೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬರೀತಿದ್ದೇನೆ.

ನನಗೆ ಕಾಡುತ್ತಿರುವುದು ಇದು. ಬೆಸ ಸಾಲಿನ ಚಿತ್ರವನ್ನೂ ಸಮ ಸಾಲಿನ ಚಿತ್ರವನ್ನೂ 288 ಸಾಲಿನಿಂದ 576ಕ್ಕೆ ಹಿಗ್ಗಿಸುತ್ತೇವೆ. ಎರಡರ ನಡುವೆ ಒಂದು ಸಾಲಿನ ವ್ಯತ್ಯಾಸ ಇದ್ದೇ ಇದೆ. ಅದನ್ನು ಸರಿಹೊಂದಿಸದಿದ್ದರೆ ಅಲ್ಲಾಡದೆ ಕೂತ ಮುಖವೂ ಮೇಲೆ ಕೆಳಗೆ ಕುಣಿಯುತ್ತೆ. ಅದಕ್ಕೆ ನನ್ನ ಪ್ರೋಗ್ರಾಂ ಒಂದು ಸಾಲು ಕೆಳಗೆ ಸರಿಸುತ್ತೆ, ಆ ಮಟ್ಟಿಗೆ ಸರಿ. ಆದರೆ ಈ ಚಿತ್ರದಲ್ಲಿ ಹುಬ್ಬು ಅಂದರೆ ಬರೀ ನಾಲ್ಕೈದು ಸಾಲು. ಅಡ್ಡ ಗೆರೆ, ತೆಳು, ಅಂಚು ಮಸುಕು. ಸಾಲು ಬಿಟ್ಟು ಸಾಲು ತೆಗೆದರೆ ಒಂದು ಫೀಲ್ಡಿನಲ್ಲಿ ಅದರ ಮೇಲಂಚು ಸಿಗುತ್ತೆ, ಇನ್ನೊಂದರಲ್ಲಿ ಸಿಗದೇ ಹೋಗಬಹುದು. ಆಗ ಏಳದ ಹುಬ್ಬೂ ಎದ್ದಂತೆ ಕಾಣುತ್ತೆ. ಕಣ್ಣಿನ ಗುಡ್ಡೆ ಅಡ್ಡಕ್ಕೆ ಓಡುವುದರಿಂದ ಅದಕ್ಕೆ ಈ ತೊಂದರೆ ಇಲ್ಲ. ಅಂದರೆ ಮೇಡಂ ನೋಡಿದ್ದು ಗುರುಗಳ ಹುಬ್ಬೋ, ಬರೀ ಸಾಲುಗಳ ಆಟವೋ?

ನೋಡುವ ದಾರಿ ಒಂದಿದೆ. ಬೆಸ ಸಾಲನ್ನು ಬೆಸ ಸಾಲಿಗೇ ಹೋಲಿಸಬೇಕು, ಒಂದನೆಯ ಫೀಲ್ಡ್, ಮೂರನೆಯದು, ಐದನೆಯದು. ಆಗ ಅಳತೆಗೋಲು ಒಂದೇ. ಆದರೆ ನಡುವೆ 40 ಮಿಲಿಸೆಕೆಂಡ್ ಆಗಿಹೋಗಿರುತ್ತೆ, ಅಷ್ಟರಲ್ಲಿ ಕಣ್ಣೂ ಹೊರಟುಬಿಟ್ಟಿದ್ದರೆ ಯಾವುದು ಮೊದಲು ಅಂತ ಈ ಟೇಪ್ ಹೇಳುವುದೇ ಇಲ್ಲ. ಇದನ್ನು ಮೇಡಂಗೆ ಹೇಳಿದರೆ ಸಮಾಧಾನ ಆಗುತ್ತಾ, ಇಲ್ಲ, ನಾನು ಅವರನ್ನು ಸುಮ್ಮನಾಗಿಸೋಕೆ ಕಥೆ ಕಟ್ಟುತ್ತಿದ್ದೇನೆ ಅನ್ನುತ್ತಾರಾ. ಅವರು ಕಣ್ಣು ಮುಚ್ಚಿ ಹೇಳಿದ್ದನ್ನೂ ತಳ್ಳಿಹಾಕೋಕೆ ಆಗಲ್ಲ, ಮೈ ಜುಂ ಅಂದದ್ದು ಸುಳ್ಳಲ್ಲವಲ್ಲ. ಅದೇ ಜಾವಳಿಯಲ್ಲಿ ಆ ಸಾಲು ಮತ್ತೆ ಬರುತ್ತೆ, ಅಲ್ಲೂ ಅದೇ ನೋಟ ಇರಬೇಕು, ಅಲ್ಲಿ ಬೆಸ ಸಾಲಿನ ಬದಲು ಸಮ ಸಾಲಿನ ಫೀಲ್ಡಿನಲ್ಲಿ ಹುಬ್ಬು ಮೊದಲು ಎದ್ದಿದ್ದರೆ, ಈಗಲೇ ಬಿಚ್ಚಿ ನೋಡಬೇಕು, ಬ್ಯಾಟರಿ ಇನ್ನೂ