ಟರ್ಮಿನಲ್‌ನಲ್ಲಿ ಓಡುತ್ತೆ, ಬೇರೆ ಕಡೆ ಓಡಲ್ಲ: ಪಾತ್ ರಗಳೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಹೊಸಬರು ಸೇರಿದರೆ ಅವರ ಲ್ಯಾಪ್‌ಟಾಪ್ ರೆಡಿ ಮಾಡಿಕೊಡೋದು ನನ್ನ ತಲೆಗೇ ಬರುತ್ತದೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, 'ಕಮಾಂಡ್ ನಾಟ್ ಫೌಂಡ್' ಅಂತ ಬಂದ ತಕ್ಷಣ ಸುಮಾರು ಜನ ಮಾಡೋದು ಒಂದೇ, ಮತ್ತೆ ಇನ್‌ಸ್ಟಾಲ್. ಕೊನೆಗೆ ಒಂದೇ ಪೈಥಾನ್ ಮೂರು ಕಡೆ ಕೂತಿರುತ್ತದೆ, ಎರರ್ ಮಾತ್ರ ಅಲ್ಲೇ ಇರುತ್ತದೆ.

ಪಾತ್ ಅಂದರೆ ಫೋಲ್ಡರ್‌ಗಳ ಒಂದು ಸಾಲು, ಅಷ್ಟೇ. ನೀವು ಕಮಾಂಡ್ ಹೊಡೆದಾಗ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಆ ಸಾಲನ್ನು ಎಡದಿಂದ ಹುಡುಕುತ್ತಾ ಹೋಗುತ್ತದೆ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಆ ಸಾಲನ್ನು ಪ್ರತಿ ಪ್ರೋಗ್ರಾಮ್ ತನ್ನನ್ನು ಶುರು ಮಾಡಿದ ಪ್ರೋಗ್ರಾಮ್‌ನಿಂದ ಪಡೆಯುತ್ತದೆ. ಅದಕ್ಕೇ ನಾನು 'ಇನ್‌ಸ್ಟಾಲ್ ಆಗಿದೆಯಾ' ಅಂತ ಕೇಳಲ್ಲ. 'ಇದನ್ನ ಶುರು ಮಾಡಿದ್ದು ಯಾರು, ಅದು ಯಾವ ಫೈಲ್ ಓದಿದೆ' ಅಂತ ಕೇಳುತ್ತೇನೆ.

ಮಂಡ್ಯದಿಂದ ದಿನಾ ಟ್ರೈನಲ್ಲಿ ಬರುವ ಹೊಸ ಹುಡುಗಿಯೊಬ್ಬಳು ಮೊನ್ನೆ ಬಂದು ನಿಂತಳು. "ಸರ್, ಸರ್ವರ್‌ಗೆ ಲಾಗಿನ್ ಆಗಿ ಹೊಡೆದ್ರೆ ನೋಡ್ ಓಡುತ್ತೆ. ಇಲ್ಲಿಂದಲೇ ಎಸ್‌ಎಸ್‌ಎಚ್ ಜೊತೆ ಕಮಾಂಡ್ ಕಳಿಸಿದ್ರೆ ಸಿಗ್ತಿಲ್ಲ ಅನ್ನುತ್ತೆ." (ನೋಡ್ ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್, ಎಸ್‌ಎಸ್‌ಎಚ್ ಅಂದರೆ ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ.)

"ಬ್ಯಾಷ್‌ಆರ್‌ಸಿ ಫೈಲ್ ತೆಗಿಯಮ್ಮ, ಮೇಲಿನಿಂದ ಓದು" ಅಂದೆ.

ಬ್ಯಾಷ್ ಎಂಬ ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್ ಅದು. ಉಬುಂಟು ಲಿನಕ್ಸ್‌ನಲ್ಲಿ ಅದರ ತಲೆಯಲ್ಲೇ ಒಂದು ಸಣ್ಣ ಚೆಕ್ ('ಕೇಸ್') ಇದೆ. ಶೆಲ್ ಇಂಟರ್‌ಆಕ್ಟಿವ್ ಅಲ್ಲದಿದ್ದರೆ, ಅಂದರೆ ಯಾರೂ ಕೂತು ಟೈಪ್ ಮಾಡುತ್ತಿಲ್ಲದಿದ್ದರೆ, ಅಲ್ಲಿಂದಲೇ ವಾಪಸ್. ನೋಡ್‌ನ ಬೇರೆ ಬೇರೆ ವರ್ಷನ್‌ಗಳನ್ನು ನೋಡಿಕೊಳ್ಳುವ ಎನ್‌ವಿಎಂ ತನ್ನ ಸಾಲುಗಳನ್ನು ಸೇರಿಸಿದ್ದು ಫೈಲ್‌ನ ಬುಡದಲ್ಲಿ. ಎಸ್‌ಎಸ್‌ಎಚ್ ಜೊತೆ ಕಳಿಸಿದ ಕಮಾಂಡ್ ಅಷ್ಟು ಕೆಳಗೆ ಬರೋದೇ ಇಲ್ಲ, ಅಲ್ವಾ? ಆ ಸಾಲುಗಳನ್ನು ಚೆಕ್‌ಗಿಂತ ಮೇಲಕ್ಕೆ ತಂದಳು, ಓಡಿತು. ನನ್ನ ಪ್ರಕಾರ ಸರ್ವರ್‌ನಲ್ಲಿ ಎನ್‌ವಿಎಂ ಇಡೋದೇ ಬೇಡ, ಆದರೆ ಆ ಜಗಳ ನಮ್ಮ ಟೀಮ್‌ನಲ್ಲಿ ಇನ್ನೂ ಮುಗಿದಿಲ್ಲ.

ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್ ಕಥೆಯೂ ಹೀಗೇ. ಅದು ನಿಮ್ಮ ಬ್ಯಾಷ್‌ಆರ್‌ಸಿ ಓದಲ್ಲ. ಸಾಮಾನ್ಯವಾಗಿ ಅದಕ್ಕೆ ಸಿಗೋದು ಎರಡೇ ಫೋಲ್ಡರ್, ಯುಎಸ್‌ಆರ್ ಒಳಗಿನ ಬಿನ್ (/usr/bin), ಜೊತೆಗೆ ಬರೀ ಬಿನ್ (/bin). ಕ್ರಾನ್ ಕೆಲಸಗಳನ್ನು ಬರೆಯುವ ಕ್ರಾನ್‌ಟ್ಯಾಬ್ ಫೈಲ್‌ನ ಮೇಲ್ಭಾಗದಲ್ಲಿ ಪಾತ್ ಸಾಲು ಬರೆದುಬಿಡಿ. ಅಲ್ಲಿ ಡಾಲರ್ ಪಾತ್ ($PATH) ಅಂತ ಹಾಕಿದರೆ ಅದರ ಜಾಗಕ್ಕೆ ಹಳೇ ಸಾಲು ಬರಲ್ಲ, ಪೂರ್ತಿ ವಿಳಾಸವನ್ನೇ ಬರೆಯಬೇಕು.

ಮ್ಯಾಕ್‌ನವರಿಗೆ ಬೇರೆ ತಲೆನೋವು. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಹೊಸ ಅಕೌಂಟ್‌ಗಳಿಗೆ ಬ್ಯಾಷ್ ಬದಲು ಝೆಡ್‌ಶೆಲ್ (zsh) ಬಂತು, ಹಳೇ ಬ್ಯಾಷ್ ಪ್ರೊಫೈಲ್ ಕಾಪಿ ಮಾಡಿ ತಂದರೆ ಅದನ್ನು ಯಾರೂ ಓದಲ್ಲ. ಪ್ರೋಗ್ರಾಮ್‌ಗಳನ್ನು ಇನ್‌ಸ್ಟಾಲ್ ಮಾಡಿಕೊಡುವ ಹೋಮ್‌ಬ್ರೂ ಕೂಡ ಇಂಟೆಲ್ ಮ್ಯಾಕ್‌ನಲ್ಲಿ ಯುಎಸ್‌ಆರ್ ಲೋಕಲ್‌ನಲ್ಲಿರುತ್ತದೆ (/usr/local), ಆಪಲ್ ಚಿಪ್‌ನಲ್ಲಿ ಆಪ್ಟ್ ಹೋಮ್‌ಬ್ರೂನಲ್ಲಿ (/opt/homebrew). ಇನ್ನು ಝೆಡ್‌ಶೆಲ್‌ನ ಎನ್ವ್ ಫೈಲ್‌ನಲ್ಲಿ (.zshenv) ಪಾತ್ ಬರೆದರೆ, ಆಮೇಲೆ ಓಡುವ ಪಾತ್ ಹೆಲ್ಪರ್ ಎಂಬ ಮ್ಯಾಕ್‌ನದೇ ಪ್ರೋಗ್ರಾಮ್ ಸಿಸ್ಟಮ್ ಫೋಲ್ಡರ್‌ಗಳನ್ನು ಮುಂದಕ್ಕೆ ತಂದು ನಿಮ್ಮದನ್ನು ಹಿಂದಕ್ಕೆ ತಳ್ಳುತ್ತದೆ. ಝೆಡ್‌ಶೆಲ್ ಆರ್‌ಸಿ ಫೈಲ್‌ನಲ್ಲಿ (.zshrc) ಬರೆದರೆ ಈ ಕಾಟ ಇಲ್ಲ.

ಯಾವುದು ಓಡುತ್ತಿದೆ ಅಂತ ನೋಡಲು ವಿಚ್ (which) ಕಮಾಂಡ್‌ಗಿಂತ 'ಟೈಪ್ ಡ್ಯಾಷ್ ಎ' (type -a) ಒಳ್ಳೆಯದು. ಏಲಿಯಾಸ್ (ಕಮಾಂಡ್‌ಗೆ ಇಟ್ಟ ಅಡ್ಡಹೆಸರು), ಫಂಕ್ಷನ್, ಎಲ್ಲ ಕಾಪಿಗಳೂ ಸಾಲಾಗಿ ಕಾಣುತ್ತವೆ. ಪಾತ್ ಸರಿ ಇದ್ದೂ ಬ್ಯಾಷ್ ಹಳೇ ಜಾಗಕ್ಕೇ ಹೋದರೆ 'ಹ್ಯಾಷ್ ಡ್ಯಾಷ್ ಆರ್' (hash -r) ಹೊಡೆಯಿರಿ, ನೆನಪಿಟ್ಟುಕೊಂಡ ಹಳೇ ಜಾಗಗಳನ್ನು ಅದು ಮರೆಯುತ್ತದೆ.

ವಿಂಡೋಸ್‌ನಲ್ಲಿ ಸಿಸ್ಟಮ್ ಪಾತ್ ಮೊದಲು, ಯೂಸರ್ ಪಾತ್ ಆಮೇಲೆ. ಯೂಸರ್ ಪಾತ್‌ಗೆ ಹೊಸ ಜಾವಾ ಸೇರಿಸಿದರೂ ಹಳೇದೇ ಓಡುವುದು ಇದರಿಂದಲೇ. ಸೆಟ್‌ಎಕ್ಸ್ (setx) ಕಮಾಂಡ್‌ನಿಂದ ಪಾತ್ ಬದಲಾಯಿಸಲು ಮಾತ್ರ ಹೋಗಬೇಡಿ, ಅದು 1024 ಅಕ್ಷರಕ್ಕೆ ಕತ್ತರಿಸಿ ಉಳಿದದ್ದನ್ನು ಎಸೆಯುತ್ತದೆ. ಸೆಟ್ಟಿಂಗ್ಸ್ ವಿಂಡೋದಲ್ಲೇ ಬದಲಾಯಿಸಿ, ಆಮೇಲೆ ಕೋಡ್ ಬರೆಯುವ ಎಡಿಟರ್ ಪೂರ್ತಿ ಮುಚ್ಚಿ ಮತ್ತೆ ತೆಗೆಯಿರಿ. ಬರೀ ಅದರೊಳಗಿನ ಟರ್ಮಿನಲ್ ಟ್ಯಾಬ್ ಮುಚ್ಚಿದರೆ ಸಾಲದು, ಆ ಟ್ಯಾಬ್‌ಗೆ ಪಾತ್ ಸಿಗೋದು ಎಡಿಟರ್‌ನಿಂದಲೇ.