ಹಳೇ ರಜಪೂತ್: 31 ಸೆಂಟಿಮೀಟರಿನ ಡೆಸ್ಟ್ರಾಯರ್ ಎಲ್ಲಿಗೆ ಬಂತು

ನಾನು ಮಾಡುತ್ತಿರುವ ಐಎನ್‌ಎಸ್ ರಜಪೂತ್ ಯುದ್ಧನೌಕೆಯ ಮಾದರಿಯ ಒಡಲು ಮುಗಿಯಿತು. ತೆಳು ಪ್ಲೈವುಡ್ಡನ್ನು ಪದರ ಪದರವಾಗಿ ಅಂಟಿಸಿ, ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಮೊನ್ನೆ ಪ್ರೈಮರ್ ಹೊಡೆದೆ. 1:350 ಅಳತೆ. ಅಂದರೆ 109 ಮೀಟರಿನ ಹಡಗು ಮೇಜಿನ ಮೇಲೆ 31 ಸೆಂಟಿಮೀಟರ್, ಅಗಲ 3 ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ. ಇಷ್ಟು ಸಪೂರ ಇರುತ್ತೆ ಅಂತ ನಕ್ಷೆ ನೋಡಿದಾಗ ಅನಿಸಿರಲಿಲ್ಲ. ನೀರಿನ ಗೆರೆಯಿಂದ ಮೇಲಿನ ಭಾಗ ಮಾತ್ರ ಮಾಡುತ್ತಿದ್ದೇನೆ, ಕೆಳಗೆ ಅಕ್ರಿಲಿಕ್ ಸಮುದ್ರ ಬರುತ್ತದೆ.

ಐಎನ್‌ಎಸ್ ರಜಪೂತ್ ಮಾಡುತ್ತಿದ್ದೇನೆ ಅಂದರೆ ಸಾಕು, ‘ಪಾಕಿಸ್ತಾನದ ಸಬ್‌ಮರೀನ್ ಗಾಜಿಯನ್ನು ಮುಳುಗಿಸಿದ್ದಲ್ವಾ?’ ಅಂತ ಕೇಳುತ್ತಾರೆ. ಕೇಳಿದವರು ಫೋನಿನಲ್ಲಿ ಒಂದು ಫೋಟೋನೂ ತೆಗೆದು ತೋರಿಸುತ್ತಾರೆ. ಪಕ್ಕದಲ್ಲಿ ಡಿ51 ಅಂತ ಬರೆದಿರುವ, ಕ್ಷಿಪಣಿ ಕೊಳವೆಗಳಿರುವ ದೊಡ್ಡ ಹಡಗು. ಡಿಸೆಂಬರ್ 4ರ ನೌಕಾಪಡೆ ದಿನ ಬಂತೆಂದರೆ ಈ ಫೋಟೋ ಎಲ್ಲೆಲ್ಲೂ ಓಡಾಡುತ್ತೆ. ಆದರೆ ಅದೇ ಹೆಸರಿನ ಆ ಹೊಸ ಹಡಗು ಯುಕ್ರೇನಿನ ಮೈಕೊಲಾಯಿವ್‌ನಲ್ಲಿ ನೀರಿಗಿಳಿದದ್ದೇ 1977ರಲ್ಲಿ. ನಮ್ಮ ನೌಕಾಪಡೆಗೆ ಸೇರಿದ್ದು 1980ರ ಮೇ 4ರಂದು. ಗಾಜಿ ಮುಳುಗಿದ್ದು 1971ರಲ್ಲಿ. ಹುಟ್ಟುವ ಮೊದಲೇ ಯುದ್ಧ ಮಾಡಿದ ಹಡಗು ಇದೊಂದೇ ಇರಬೇಕು!

ಡಿ51ಗೂ ಅದರದ್ದೇ ಕತೆ ಇದೆ, ಚಿಕ್ಕದಲ್ಲ. ಬ್ರಹ್ಮೋಸ್ ಕ್ಷಿಪಣಿಯನ್ನು ಹಡಗಿನಿಂದ ಹಾರಿಸಿ ಪರೀಕ್ಷೆ ಮಾಡಿದ್ದು ಅದರ ಮೇಲೆಯೇ. 41 ವರ್ಷ ದುಡಿದು 2021ರ ಮೇ 21ರಂದು ವಿಶಾಖಪಟ್ಟಣದಲ್ಲಿ ನಿವೃತ್ತಿ ಆಯಿತು. ಅದರ ಮೊದಲ ಕ್ಯಾಪ್ಟನ್ ಜಿ.ಎಂ. ಹಿರಾನಂದಾನಿ. ಮುಂದೆ ವೈಸ್ ಅಡ್ಮಿರಲ್ ಆಗಿ, ನಿವೃತ್ತಿಯಾದ ಮೇಲೆ ನೌಕಾಪಡೆಯ ಇತಿಹಾಸ ಬರೆದವರೂ ಅವರೇ. ಹೊಸ ರಜಪೂತ್ ನಡೆಸಿದವರೇ ಹಳೇ ರಜಪೂತ್ ಕತೆಯನ್ನೂ ಬರೆಯಬೇಕಾಯಿತು.

ನನ್ನ ಮೇಜಿನ ಮೇಲಿರುವುದು ಆ ಹಳೆಯದು, ಡಿ141. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನ ಜಾನ್ ಬ್ರೌನ್ ಕಾರ್ಖಾನೆಯಲ್ಲಿ 1942ರ ಮಾರ್ಚ್‌ನಲ್ಲಿ ನೀರಿಗಿಳಿಯಿತು. ಹೆಸರಾಂತ ಪ್ರಯಾಣಿಕ ಹಡಗು ‘ಕ್ವೀನ್ ಮೇರಿ’ ಕಟ್ಟಿದ್ದೂ ಅಲ್ಲೇ. ಆಗ ಬ್ರಿಟಿಷ್ ನೌಕಾಪಡೆಯಲ್ಲಿ ಇದರ ಹೆಸರು ಎಚ್‌ಎಂಎಸ್ ರಾದರಮ್, ಆರ್ ವರ್ಗದ ತುಕಡಿಯ ನಾಯಕ ಹಡಗು. 40,000 ಅಶ್ವಶಕ್ತಿ, 36 ನಾಟ್ ವೇಗ, ಒಂದೇ ಚಿಮಣಿ. 1944ರ ಏಪ್ರಿಲ್‌ನಲ್ಲಿ ಸುಮಾತ್ರಾದ ಸಬಾಂಗ್ ಮೇಲೆ ಬ್ರಿಟಿಷ್, ಅಮೆರಿಕನ್ ವಿಮಾನಗಳು ದಾಳಿ ಮಾಡಿದಾಗ ವಿಮಾನವಾಹಕಗಳ ಕಾವಲಿಗೆ ಹೋಗಿತ್ತು. ಜಪಾನ್ ಶರಣಾದ ಮೇಲೆ ಸಿಂಗಾಪುರದ ನೌಕಾನೆಲೆಗೆ ಮೊದಲು ಹೋದ ಹಡಗುಗಳಲ್ಲಿ ಇದೂ ಒಂದು. ಆ ನೆಲೆ ಇದ್ದ ಸೆಂಬವಾಂಗ್‌ನಲ್ಲಿ ಇದರ ಹೆಸರಿನ ಗೇಟೇ ಇದೆ.

1949ರಲ್ಲಿ ಭಾರತಕ್ಕೆ ಬಂತು. ಜೊತೆಗೆ ಅದೇ ವರ್ಗದ ಇನ್ನೆರಡು ಹಡಗು. ರೇಡರ್ ಹೋಗಿ ರಾಣಾ ಆಯಿತು, ರೆಡೌಟ್ ಹೋಗಿ ರಂಜಿತ್ ಆಯಿತು. ಮೂರಕ್ಕೂ ಆರ್ ಅಕ್ಷರವನ್ನೇ ಉಳಿಸಿಕೊಂಡದ್ದು ನನಗೆ ಬಹಳ ಇಷ್ಟ.

ಒಡಲಿನ ಮೇಲಿನ ಮನೆಗಳನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟುತ್ತಿದ್ದೇನೆ. ಈ ವರ್ಗದಲ್ಲಿ ಒಂದು ವಿಶೇಷ ಇದೆ. ಅದಕ್ಕೂ ಮೊದಲಿನ ಬ್ರಿಟಿಷ್ ಡೆಸ್ಟ್ರಾಯರ್‌ಗಳಲ್ಲಿ ಅಧಿಕಾರಿಗಳ ಕೋಣೆಗಳು ಪೂರಾ ಹಿಂದುಗಡೆ ಇರುತ್ತಿದ್ದವು. ಬಿರುಗಾಳಿಯಲ್ಲಿ ಹಡಗು ನಡೆಸುವ ಕೋಣೆಗೆ, ಅಂದರೆ ಬ್ರಿಡ್ಜ್‌ಗೆ ಹೋಗಬೇಕಂದ್ರೆ ಅಲೆ ಹೊಡೆಯುವ ಬಯಲು ಡೆಕ್ ದಾಟಬೇಕು. ಆರ್ ವರ್ಗದಲ್ಲಿ ಆ ಕೋಣೆಗಳನ್ನು ಹಡಗಿನ ನಡುಭಾಗಕ್ಕೆ ತಂದರು. ಇಷ್ಟು ಸರಳ ಬದಲಾವಣೆಗೆ ಯುದ್ಧವೇ ಬರಬೇಕಾಯಿತಾ ಅನಿಸುತ್ತೆ.

ತೋಪುಗಳು 4, ಎಲ್ಲವೂ 4.7 ಇಂಚಿನವು. ಮುಂದೆ ಎರಡು, ಹಿಂದೆ ಎರಡು. ನಳಿಕೆಗೆ ಮೆಡಿಕಲ್ ಶಾಪಿನ ಇಂಜೆಕ್ಷನ್ ಸೂಜಿ ಬಳಸಿದೆ. ಈ ಅಳತೆಗೆ ನಳಿಕೆ 15 ಮಿಲಿಮೀಟರ್ ಬರುತ್ತದೆ. ಕಟ್ಟರ್‌ನಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತೆ. ಬ್ಲೇಡಿನ ಕೆಳಗೆ ಇಟ್ಟು ಹಿಂದೆ ಮುಂದೆ ಉರುಳಿಸಿ ಗೆರೆ ಬೀಳಿಸಬೇಕು, ಆಮೇಲೆ ಬೆರಳಲ್ಲಿ ಮುರಿಯಬೇಕು, ಆಗ ತೂತು ಗುಂಡಗೆ ಉಳಿಯುತ್ತದೆ. ನಿಜವಾದ ನಳಿಕೆ ತುದಿಗೆ ಹೋಗ್ತಾ ಸಣ್ಣಗಾಗುತ್ತೆ, ಸೂಜಿ ಆಗಲ್ಲ. ಆದರೂ ತುದಿಯ ಆ ತೂತಿನ ಮುಂದೆ ಇದು ಲೆಕ್ಕಕ್ಕಿಲ್ಲ.

ಈ ವಾರವೆಲ್ಲ ಹೋದದ್ದು ಡೆಪ್ತ್ ಚಾರ್ಜ್‌ಗಳಿಗೆ, ಅಂದರೆ ಸಬ್‌ಮರೀನ್ ಹೊಡೆಯಲು ನೀರಿಗೆ ಬೀಳಿಸುವ ಬಾಂಬುಗಳಿಗೆ. ನಿಜದಲ್ಲಿ ಸುಮಾರು 190 ಕಿಲೋ ತೂಕದ ಡ್ರಮ್ಮು, ಅದರಲ್ಲಿ 130 ಕಿಲೋ ಸ್ಫೋಟಕ. ನನ್ನ ಅಳತೆಗೆ ಸಾಸಿವೆ ಕಾಳಿನಷ್ಟು. ಪ್ಲಾಸ್ಟಿಕ್ ಕಡ್ಡಿಯನ್ನು ತುಂಡು ಮಾಡಿ, ಚಿಮುಟದಲ್ಲಿ ಹಿಡಿದು, ಹಿಂಬದಿಯ ಹಳಿಗಳ ಮೇಲೆ ಒಂದೊಂದಾಗಿ ಕೂರಿಸುತ್ತಿದ್ದೇನೆ. ಇದು ಕೆಲಸ ಮಾಡುವ ರೀತಿ ಸರಳ. ಎಷ್ಟು ಆಳದಲ್ಲಿ ಸಿಡಿಯಬೇಕು ಅಂತ ಮೊದಲೇ ತಿರುಗಿಸಿ ಇಡುತ್ತಾರೆ. ಮುಳುಗುತ್ತಾ ಹೋದಂತೆ ನೀರಿನ ಒತ್ತಡ ಏರಿ, ಆ ಆಳದಲ್ಲಿ ಒಳಗಿನ ಪಿಸ್ತೂಲು (ಸಿಡಿಸುವ ಸಾಧನ) ಹೊಡೆದುಕೊಳ್ಳುತ್ತದೆ. ಅಷ್ಟರಲ್ಲಿ ಹಡಗು ದೂರ ಓಡಿರಬೇಕು. ಆಳ ಕಮ್ಮಿಯಾದರೆ ಓಡಲು ಸಿಗುವ ಸಮಯವೂ ಕಮ್ಮಿ.

ಈಗ ಗಾಜಿ ಮುಳುಗಿದ ಆ ರಾತ್ರಿಗೆ ಬರೋಣ. 1971ರ ಡಿಸೆಂಬರ್ 3, ಮಧ್ಯರಾತ್ರಿಗೆ ಸ್ವಲ್ಪ ಮೊದಲು. ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರು ರಜಪೂತ್ ಹಡಗನ್ನು ವಿಶಾಖಪಟ್ಟಣದಿಂದ ಹೊರಡಿಸಿದರು. ಬಂದರಿನ ಬಾಯಲ್ಲಿ ಸಬ್‌ಮರೀನ್ ಕಾದಿರಬಹುದು ಅಂತ ಅವರಿಗೆ ಅನುಮಾನ. ಬಂದರಿನಿಂದ ಹೊರಗೆ ದಾರಿ ತೋರಿಸುವ ಪೈಲಟ್‌ನನ್ನು ಇಳಿಸಿ ಪೂರ್ತಿ ವೇಗ ತೆಗೆದುಕೊಂಡರು. ನೀರು ಕದಡಿದ್ದು ಕಂಡಿತು. ಎರಡು ಚಾರ್ಜ್ ಹಾಕಿದರು. ಆಮೇಲೆ ದೊಡ್ಡ ಸ್ಫೋಟ ಕೇಳಿಸಿತು. ಇಂದಿರಾ ಗಾಂಧಿಯವರ ರೇಡಿಯೋ ಭಾಷಣಕ್ಕೆ ಎದ್ದಿದ್ದ ಊರಿನವರಿಗೂ ಕೇಳಿಸಿತು. ಬೆಳಗ್ಗೆ ಮೀನುಗಾರರಿಗೆ ಅವಶೇಷ ಸಿಕ್ಕಿತು, ಮುಳುಗುಗಾರರು ಇಳಿದು ಗಾಜಿಯನ್ನು ಗುರುತಿಸಿದರು. 90ಕ್ಕೂ ಹೆಚ್ಚು ಜನ ಅದರೊಳಗೇ ಸತ್ತಿದ್ದರು.

ನಮ್ಮ ನೌಕಾಪಡೆ ಹೇಳುವುದು ರಜಪೂತ್ ಮುಳುಗಿಸಿತು ಅಂತ. ಪಾಕಿಸ್ತಾನ ಹೇಳುವುದು ತನ್ನದೇ ಮೈನ್ ಅಥವಾ ಒಳಗಿನ ಸ್ಫೋಟ ಅಂತ. ನಮ್ಮ ನಿವೃತ್ತ ಅಧಿಕಾರಿಗಳಲ್ಲೂ ಒಳಗಿನ ಸ್ಫೋಟವೇ ಇರಬೇಕು ಅನ್ನುವವರಿದ್ದಾರೆ.

ನನ್ನ ಪ್ರಕಾರ ಈ ಜಗಳದಲ್ಲಿ ರಜಪೂತ್ ಮಾಡಿದ ನಿಜವಾದ ಕೆಲಸವೇ ಮರೆತುಹೋಗಿದೆ. ಗಾಜಿ ಅಷ್ಟು ದೂರ ಬಂದಿದ್ದು ವಿಮಾನವಾಹಕ ವಿಕ್ರಾಂತ್ ಹುಡುಕಿಕೊಂಡು. ಆಗಲೇ ವಿಕ್ರಾಂತನ್ನು ಅಂಡಮಾನ್ ಕಡೆ ಬಚ್ಚಿಟ್ಟಾಗಿತ್ತು. ಅದು ಇಲ್ಲೇ ಇದೆ ಅಂತ ನಂಬಿಸಲು ಪೂರ್ವ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಆರಿಸಿದ್ದು 29 ವರ್ಷದ ಈ ಮುದಿ ಹಡಗನ್ನು. ಸಮುದ್ರಕ್ಕೆ ಹೋಗಿ, ತಾನೇ ವಿಕ್ರಾಂತ್ ಅನ್ನೋ ಹಾಗೆ ವೈರ್‌ಲೆಸ್‌ನಲ್ಲಿ ಜೋರು ಮಾತಾಡಿತು. ಊರಿನ ಕಂಟ್ರಾಕ್ಟರುಗಳಿಗೆ ರಾಶಿ ರಾಶಿ ಮಾಂಸ, ತರಕಾರಿಗೆ ಆರ್ಡರ್ ಹೋಯಿತು, ಸುದ್ದಿ ಹಬ್ಬಲಿ ಅಂತಲೇ. ವಿಕ್ರಾಂತ್‌ನ ನಾವಿಕನೊಬ್ಬ ತಾಯಿಯ ಕಾಯಿಲೆ ವಿಚಾರಿಸುವಂಥ ಸಂದೇಶವನ್ನು ಗುಟ್ಟೇನೂ ಇಲ್ಲದ ಹಾಗೆ ಬಿಟ್ಟರು. ಕೃಷ್ಣನ್ ಮುಂದೆ ತಾವೇ ಇದನ್ನೆಲ್ಲ ಬರೆದಿದ್ದಾರೆ.

1:350ರಲ್ಲಿ ವಿಕ್ರಾಂತ್ 61 ಸೆಂಟಿಮೀಟರ್ ಆಗುತ್ತೆ. ಅಷ್ಟುದ್ದದ ಕಾಗದದ ಪಟ್ಟಿ ಕತ್ತರಿಸಿ ನನ್ನ ರಜಪೂತ್ ಪಕ್ಕ ಹಾಸಿದೆ. ಅರ್ಧವೇ ಇದೆ ನಮ್ಮದು! ಕಣ್ಣಿಗೆ ಕಂಡಿದ್ದರೆ ಈ ನಾಟಕ ಒಂದು ಗಳಿಗೆ ನಡೆಯುತ್ತಿರಲಿಲ್ಲ. ಕಿವಿಗೆ ಮಾತ್ರ ಕೇಳಿಸಿದ್ದರಿಂದ ನಡೆಯಿತು.

ಹಾಗಾಗಿ ಮಾದರಿಯನ್ನು ಗಾಜಿ ರಾತ್ರಿಯದ್ದಾಗಿ ಮಾಡುತ್ತಿಲ್ಲ. ಗೋವಾ ವಿಮೋಚನೆಯ 1961ರ ಡಿಸೆಂಬರ್ ಅಂತ ಒಂದು ಯೋಚನೆ ಇತ್ತು. ಆಗ ಗೋವಾ ತೀರದಲ್ಲಿ ಫ್ರಿಗೇಟ್ ಕಿರ್ಪಾಣ್ ಜೊತೆ ಇದೇ ರಜಪೂತ್ ನಿಂತಿತ್ತು. ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಇಳಿದದ್ದು ಮಾತ್ರ ಮೈಸೂರು ಮತ್ತು ತ್ರಿಶೂಲ್ ಹಡಗಿನವರು. ಕೊನೆಗೆ 1971ರ ನವೆಂಬರಿನ ಒಂದು ಹಗಲು ಅಂತ ಗೊತ್ತುಮಾಡಿದೆ. ನಡುಸಮುದ್ರ, ವೈರ್‌ಲೆಸ್ ನಾಟಕ ನಡೀತಾ ಇದೆ. 5 ವರ್ಷ ಕಳೆದು ಹಡಗು ಗುಜರಿಗೆ ಹೋಯಿತು, 1976ರಲ್ಲಿ.

ಹೀಗಾಗಿ ಆಂಟೆನಾ ತಂತಿಗಳನ್ನು ಬಿಡುವಂತಿಲ್ಲ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಬಿಸಿಗೆ ಹಿಡಿದು ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಸಿಗುತ್ತದೆ. ಎರಡು ತುದಿ ಅಂಟಿಸಿದ ಮೇಲೆ ಜೋತುಬಿದ್ದರೆ, ಹಚ್ಚಿದ ಊದುಬತ್ತಿಯನ್ನು ಕೆಳಗಿನಿಂದ ಸುಮ್ನೆ ಹತ್ತಿರ ತಂದರೆ ಬಿಗಿಯಾಗುತ್ತದೆ. ತಾಗಿಸಿದರೆ ಕತ್ತರಿಸಿಹೋಗುತ್ತೆ. ಅದಕ್ಕೂ ಮೊದಲು ಹಿತ್ತಾಳೆ ತಂತಿಯ ಮಾಸ್ಟ್‌ಗೆ ಬೆಸುಗೆ ಹಾಕಬೇಕು, ಆಮೇಲೆ ಬೂದು ಬಣ್ಣ, ಡಿ141 ನಂಬರು, ಕೊನೆಗೆ ರೇಲಿಂಗ್.