ಕೋಬುರ್ಗ್ ಲಾಂಛನದ ಕಪ್ಪು ಸಂತ

ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ತುದಿಯಲ್ಲಿ ಕೋಬುರ್ಗ್ ಅಂತ ಒಂದು ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 40 ಸಾವಿರ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಈ ಕಡೆಯವನೇ. ಪ್ರವಾಸಿಗರು ಅವನ ಪ್ರತಿಮೆ, ಬೆಟ್ಟದ ಮೇಲಿನ ಕೋಟೆ ನೋಡಲು ಬರುತ್ತಾರೆ. ನನ್ನ ಕಣ್ಣು ಮಾತ್ರ ನೆಲದ ಮೇಲಿತ್ತು. ಇಲ್ಲಿ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಊರಿನ ಲಾಂಛನವಿದೆ: ಕಿವಿಗೆ ಓಲೆ ಹಾಕಿದ ಆಫ್ರಿಕನ್ ಒಬ್ಬನ ತಲೆ. ಅವನೇ ಸಂತ ಮೊರಿಟ್ಸ್. ಜನ ಅವನನ್ನು ತುಳಿದುಕೊಂಡೇ ಆರಾಮಾಗಿ ಓಡಾಡುತ್ತಾರೆ. ನಮ್ಮಲ್ಲಾಗಿದ್ದರೆ ದೊಡ್ಡ ಗಲಾಟೆ ಆಗುತ್ತಿತ್ತು ಅಲ್ವಾ? ನಾನಂತೂ ಬಳಸಿಕೊಂಡೇ ನಡೆದೆ.

ಕಥೆ ಹೀಗಿದೆ. ಮೊರಿಟ್ಸ್ ಈಜಿಪ್ಟಿನ ಥೀಬ್ಸ್ ಕಡೆಯ ರೋಮನ್ ಸೇನಾಧಿಕಾರಿ. ಮೂರನೇ ಶತಮಾನದ ಕೊನೆಯಲ್ಲಿ, ಈಗಿನ ಸ್ವಿಟ್ಜರ್ಲೆಂಡಿನಲ್ಲಿ, ರೋಮನ್ ದೇವರುಗಳಿಗೆ ಬಲಿ ಕೊಡಲು ಅವನ ಕ್ರೈಸ್ತ ಪಡೆ ಒಪ್ಪಲಿಲ್ಲ. ಎಲ್ಲರನ್ನೂ ಕೊಂದರಂತೆ.

ಊರ ನಡುವೆ ಅವನ ಹೆಸರಿನ ಚರ್ಚಿದೆ. ಎರಡು ಗೋಪುರ, ಒಂದು ಎತ್ತರ, ಒಂದು ಗಿಡ್ಡ. 1530ರಲ್ಲಿ ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಇಲ್ಲಿನ ಕೋಟೆಯಲ್ಲಿ ತಿಂಗಳುಗಟ್ಟಲೆ ಉಳಿದಿದ್ದ, ಈ ಚರ್ಚಿನಲ್ಲೂ ಪ್ರವಚನ ಮಾಡಿದ. ಅವನ ಹಾಗೆ ಸಂತರಿಗೆ ಮೊರೆ ಹೋಗುವುದು ಬೇಡ ಎಂದವರ ಊರು ಇದು. ಆದರೂ ಲಾಂಛನದ ಸಂತನನ್ನು ಬಿಟ್ಟುಕೊಡಲಿಲ್ಲ.

ಕಿತ್ತು ಹಾಕಿದವರು ನಾಜಿಗಳು. 1934ರಲ್ಲಿ ಕಪ್ಪು ತಲೆ ತೆಗೆದು ಕತ್ತಿ ಇಟ್ಟರು. ಹಿಡಿಯ ತುದಿಯಲ್ಲಿ ಸ್ವಸ್ತಿಕ, ನಮ್ಮ ಹೊಸ್ತಿಲಿನದಲ್ಲ, ಹಿಟ್ಲರನದು. 1945ರಲ್ಲಿ ಯುದ್ಧ ಮುಗಿದ ಮೇಲೆ ಮೊರಿಟ್ಸ್ ವಾಪಸ್ ಬಂದ.

ಈಗಿನ ತಕರಾರು ಬೇರೆ. ಈ ಚಿತ್ರ ಕಪ್ಪು ಜನರನ್ನು ಗೇಲಿ ಮಾಡುವಂತಿದೆ, ತೆಗೆಯಿರಿ ಎಂದು 2020ರಲ್ಲಿ ಸಹಿ ಸಂಗ್ರಹ ನಡೆಯಿತು. ನಮ್ಮ ಸಂತನಿಗೆ ಗೌರವ ಕೊಟ್ಟಿದ್ದೇವೆ ಅನ್ನುವುದು ಊರಿನವರ ವಾದ. ನನಗೆ ಇಬ್ಬರ ಮಾತೂ ಸುಳ್ಳು ಅನಿಸಲಿಲ್ಲ. ಜರ್ಮನಿಯದೇ ಇನ್ನೊಂದು ಊರಾದ ಮಾಗ್ಡೆಬುರ್ಗ್‌ನ ಕೆಥೆಡ್ರಲಿನ 13ನೇ ಶತಮಾನದ ಮೊರಿಟ್ಸ್ ಪ್ರತಿಮೆ ಕವಚ ತೊಟ್ಟ ಯೋಧ, ನೋಡಿದರೆ ಗೌರವ ಹುಟ್ಟುತ್ತದೆ. ಇಲ್ಲಿನ ಲಾಂಛನದಲ್ಲಿ ಕವಚವೂ ಇಲ್ಲ, ತಲೆ ಹಿಂದೆ ಪ್ರಭಾವಳಿಯೂ ಇಲ್ಲ. ಬರೀ ತಲೆ, ಓಲೆ. ಇವನು ಸಂತ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಮಾರುಕಟ್ಟೆ ಚೌಕದಲ್ಲಿ ಪುರಭವನದ ನೆತ್ತಿ ನೋಡಲು ಮರೆಯಬೇಡಿ. ಅಲ್ಲಿ ಮೊರಿಟ್ಸ್ ಕೋಲು ಹಿಡಿದು ನಿಂತಿದ್ದಾನೆ. ಊರಿನವರು ಅವನನ್ನು ಕರೆಯುವುದು 'ಬ್ರಾಟ್‌ವುರ್ಸ್ಟ್ ಮನುಷ್ಯ' ಅಂತ. ಬ್ರಾಟ್‌ವುರ್ಸ್ಟ್ ಅಂದರೆ ಮಾಂಸದ ಸಾಸೇಜು. ಕೋಲಿನ ಉದ್ದವೇ ಇಲ್ಲಿನ ಸಾಸೇಜಿನ ಅಳತೆಯಂತೆ, 31 ಸೆಂಟಿಮೀಟರ್. ಕೆಳಗಿನ ಗಾಡಿಗಳಲ್ಲಿ ಅದನ್ನು ಪೈನ್ ಕಾಯಿಯ ಬೆಂಕಿಯಲ್ಲಿ ಸುಡುತ್ತಾರೆ. ಸಸ್ಯಾಹಾರಿಗಳಿಗೆ ಹೊಗೆ ಮಾತ್ರ.